ಮರದ ಹಸುವಿನ ಕೂಗು

ಎರಡೂವರೆ ವರ್ಷ ತುಂಬಿದರೂ ಹಂಸಿನಿಗೆ ಮಾತು ಬಂದಿರಲಿಲ್ಲ. ಕೇಳಿ ಕೇಳಿಯಾದರೂ ಕಲಿಯಲಿ ಎಂದು ಅವಳ ಅಮ್ಮ ಸೆಲ್ ಹಾಕಿದರೆ ಮಾತಾಡುವ ಆಟಿಕೆ ಗಿಳಿಯೊಂದನ್ನು ತಂದು, ಅಜ್ಜಿ ಕೊಟ್ಟ ಮರದ ಹಸುವಿನ ಪಕ್ಕದಲ್ಲಿಟ್ಟರು.

"ನನಗೆ ಇನ್ನೂರು ಮಾತು ಬರುತ್ತವೆ. ನಿನಗೆಷ್ಟು?" ಎಂದಿತು ಗಿಳಿ.

"ಮನುಷ್ಯರಿಗೆ ಕೇಳುವಂಥದ್ದು ಒಂದೂ ಇಲ್ಲ. ನನ್ನ ಪರವಾಗಿ ಬೇರೆ ಯಾರಾದರೂ ಕೂಗಬೇಕು," ಎಂದಿತು ಹಸು.

"ಹಾಗಾದರೆ ನಿನ್ನಿಂದ ಈ ಮಗುವಿಗೇನು ಪ್ರಯೋಜನ?"

ವಾರವಿಡೀ ಗಿಳಿ ಹಣ್ಣು, ಬಣ್ಣ, ಮಗ್ಗಿ ಎಲ್ಲವನ್ನೂ ಬಿಡುವಿಲ್ಲದೆ ಒಪ್ಪಿಸಿತು. ಮಗು ಬಾಯಿ ಮುಚ್ಚಿಕೊಂಡು ಕೇಳಿತು. ಎಂಟನೆಯ ದಿನ ಸೆಲ್ ಮುಗಿಯಿತು.

ಆಗ ಅಜ್ಜಿ ಹಸುವನ್ನು ಮಗುವಿನ ಮುಂದಿಟ್ಟು, "ಇದಕ್ಕೆ ಹಸಿವಾಗಿದೆ ಕಣೇ. ಹೇಗೆ ಕೂಗತ್ತೆ?" ಎಂದು ಕೇಳಿ ಸುಮ್ಮನೆ ಕಾದರು. ಹಸುವೂ ಕಾಯಿತು. ಬಹಳ ಹೊತ್ತಿನ ಮೇಲೆ ಮಗು, "ಅಂಬಾ" ಎಂದಿತು. ಆಮೇಲೆ ಗಿಳಿಯನ್ನೂ ಎತ್ತಿಕೊಂಡು, ಅದಕ್ಕೂ ಹೇಳಿಕೊಡುವಂತೆ ಮತ್ತೆ "ಅಂಬಾ" ಎಂದಿತು.

"ನಾಳೆ ಗಿಳಿಗೆ ಹೊಸ ಸೆಲ್ ತರ್ತೀನಿ," ಎಂದರು ಅಮ್ಮ, ಕಣ್ಣೊರೆಸಿಕೊಳ್ಳುತ್ತಾ.

ಗಿಳಿ ಮನುಷ್ಯರಿಗೆ ಕೇಳದಂತೆ ಹಸುವಿಗೆ ಹೇಳಿತು: "ಸೆಲ್ ತರುವುದನ್ನು ಅವರು ಮರೆತುಬಿಡಲಿ. ನನ್ನನ್ನು ಯಾರಾದರೂ ಮಾತಾಡಿಸಿದ್ದು ಇದೇ ಮೊದಲು."