ಹರಿಗೋಲಿನಿಂದ ಸುರಿದ ಕುಂಕುಮ

ಗುಡ್ಡದ ಮೇಲಿನ ಗಣಿಯವರು ಅವತ್ತು ಬೆಳಿಗ್ಗೆ ಕೊಳೆನೀರನ್ನು ಹಳ್ಳಕ್ಕೆ ಬಿಟ್ಟಿದ್ದರು. ಹಳ್ಳ ಹೊಳೆಗೆ ಸೇರುವುದು ಮಠದ ಹತ್ತಿರವೇ, ತುಸು ಮೇಲಕ್ಕೆ. ನೋಡಲಿಕ್ಕೆ ತಿಳಿನೀರು, ಒಳಗೆ ವಿಷ.

ಅದೇ ದಂಡೆಯಲ್ಲಿ, ಮಠ ದಾಟಿ ತುಸು ಕೆಳಗೆ, ಹಟ್ಟಿಯ ಹೆಂಗಸರು ಕೊಡ ತುಂಬುವ ಮೆಟ್ಟಿಲು. "ಆ ವಿಷ ನಮ್ಮ ತನಕ ಬರ್ತದೋ ಇಲ್ಲೋ, ನೋಡಿ ಹೇಳಪ್ಪಾ" ಎಂದು ಹುಲಿಗೆವ್ವ ಮಠದ ಶಿಷ್ಯ ಪಂಪಣ್ಣನನ್ನು ಕೇಳಿದ್ದಳು. ಹೊಳೆಯ ಲೆಕ್ಕದಲ್ಲಿ ಅವನು ಭಾರೀ ಜಾಣನೆಂದು ಹೆಸರು.

ಪಂಪಣ್ಣ ನೋಡಿದ, ಹೇಳಿಯೂ ಬಿಟ್ಟ. ಆದರೆ ಮಧ್ಯಾಹ್ನ ಪಂಕ್ತಿಗೆ ಕೂತವನು ಉಣ್ಣದೆ ಅನ್ನ ಕಲಸುತ್ತಲೇ ಇದ್ದ.

"ಏನೋ, ಮುಖ ಬಾಡಿದೆ?" ಅಂದರು ಗುರುಗಳಾದ ಮರಿಸ್ವಾಮಿ ಅಪ್ಪಾವರು.

"ಏನಿಲ್ಲ ಅಪ್ಪಾವರೇ. ಹಳ್ಳದ ಬಾಯಲ್ಲಿ ಕುಂಕುಮದ ನೀರು ಸುರಿದು ನೋಡಿದೆ. ಮಠ ದಾಟುವುದರೊಳಗೆ ಬಣ್ಣವೇ ಇಲ್ಲ, ಇಡೀ ಹೊಳೆಯಲ್ಲಿ ಕರಗಿಹೋಯ್ತು. ಕೂಸಿಗೂ ಕುಡಿಸಬಹುದಾ ಅಂತ ಹುಲಿಗೆವ್ವ ಕೇಳಿದಳು. ಧೈರ್ಯವಾಗಿ ಕುಡಿಸವ್ವ ಅಂದೆ."

"ಎಲ್ಲಿ ನಿಂತು ನೋಡಿದೆ?"

"ನಿಂತರೆ ಆದೀತೇ? ಹರಿಗೋಲಿನಲ್ಲಿ ಕೂತು, ಹುಟ್ಟು ಹಾಕುತ್ತಾ ಬಣ್ಣದ ಜೊತೆಜೊತೆಗೇ ಹೋದೆ."

"ಹಾಗಾದರೆ ಬಣ್ಣ ಕದಡಿದ್ದು ಹೊಳೆಯೋ, ನಿನ್ನ ಹುಟ್ಟೋ?"

ಪಂಪಣ್ಣನಿಗೆ ಆಗ ತಿಳಿಯಿತು. ಅಯ್ಯೋ ಶಿವನೇ, ದಾರಿಯುದ್ದಕ್ಕೂ ನೀರನ್ನು ತಾನೇ ಕಡೆದಿದ್ದನಲ್ಲ!

ಅಪ್ಪಾವರು ಎಲೆ ಬಿಟ್ಟೆದ್ದರು. ಕುಂಕುಮದ ಬಟ್ಟಲು ಹಿಡಿದು ಹಳ್ಳದ ಬಾಯಿಗೆ ನಡೆದು, ದಡದ ಮೇಲೇ ಕೂತು ಮೆಲ್ಲಗೆ ಸುರಿದರು.

ಕೆಂಪು ಗೆರೆ ಹೊಳೆಯ ನಡುವಿಗೆ ಹೋಗಲಿಲ್ಲ. ಹರಡಲೂ ಇಲ್ಲ. ದಂಡೆಯನ್ನೇ ತಬ್ಬಿಕೊಂಡು ಕೆಳಗಿಳಿಯಿತು. ಗುರುಶಿಷ್ಯರು ದಡದ ಮೇಲೆ ಅದರ ಜೊತೆ ನಡೆದರು. ಮಠ ದಾಟಿತು, ಗೆರೆ ಹಾಗೇ ಇತ್ತು. ಹುಣಸೆಮರ ದಾಟಿತು, ಹಾಗೇ ಇತ್ತು.

ಮುಂದೆ ಮೆಟ್ಟಿಲು ಕಂಡಿತು. ಹುಲಿಗೆವ್ವ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು, ಖಾಲಿ ಕೊಡ ಹಿಡಿದು ಇಳಿಯುತ್ತಿದ್ದಳು.

ಪಂಪಣ್ಣ ಅಲ್ಲೇ ನಿಂತುಬಿಟ್ಟ. ಈಗ ಏನಂತ ಹೇಳಲಿ? ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಅಂದರೆ ಹಟ್ಟಿಯಲ್ಲಿ ನನ್ನ ಮಾತಿಗೆ ಇನ್ನು ಮೂರು ಕಾಸಿನ ಬೆಲೆ ಉಳಿದೀತೇ?

"ಅಪ್ಪಾವರೇ, ಇನ್ನೊಂದು ಸಲ ಸುರಿದು ನೋಡೋಣ. ಖಾತ್ರಿ ಮಾಡಿಕೊಂಡು ಹೇಳ್ತೀನಿ."

ಅಪ್ಪಾವರು ಅವನ ಬೆನ್ನಿಗೆ ಕೈಹಚ್ಚಿ ಮುಂದಕ್ಕೆ ನೂಕಿದರು.

"ಕುಡಿಸವ್ವ ಅನ್ನುವಾಗ ನಿನಗೆ ಇಷ್ಟು ಖಾತ್ರಿ ಬೇಕಿರಲಿಲ್ಲವಲ್ಲೋ. ಓಡು!"