ಲ್ಯಾಕಿಯ ಚಾರ್ಜು

ಇಂಜಿನಿಯರ್ ಹುದ್ದಾರ ಸಾಹೇಬರು ತಮ್ಮ ಜವಾನ ದ್ಯಾಮಣ್ಣನನ್ನು ಎಲ್ಲರೆದುರು "ಲ್ಯಾಕಿ" ಎಂದೇ ಕರೆಯುತ್ತಿದ್ದರು. ಹೆಸರಿದ್ದೂ ಹೀಗೆ ಕರೆಸಿಕೊಳ್ಳುವುದರಿಂದ ದ್ಯಾಮಣ್ಣನಿಗೆ ನೋವಾಗುತ್ತಿತ್ತು.

"ಹಂಗಂದ್ರ ಏನ್ರೀ ಸಾಹೇಬ್ರ?" ಎಂದು ಒಂದು ದಿನ ಕೇಳಿದ.

"ದೊಡ್ಡವರ ಬ್ಯಾಗ್ ಹಿಡಕೊಂಡು, ಹೂಂ ಅನಕೋತ ಹಿಂದ ಓಡಾವ," ಎಂದು ಸಾಹೇಬರು ನಕ್ಕರು.

ಮರುದಿನ ಮಂತ್ರಿಗಳು ಬಂದರು. ಸಾಹೇಬರು ಅವರ ಬ್ಯಾಗನ್ನು ತಾವೇ ಇಸಿದುಕೊಂಡು, ಮಾತುಮಾತಿಗೂ ಹೂಂಗುಟ್ಟುತ್ತ ಹಿಂದೆ ಓಡಿದರು. ದ್ಯಾಮಣ್ಣ ಸ್ಟೂಲಿನ ಮೇಲೆ ಹಾಯಾಗಿ ಕುಳಿತ.

ಮಂತ್ರಿಗಳು ಹೋದ ಮೇಲೆ ಸಾಹೇಬರು ಸಿಡುಕಿದರು: "ಕೆಲಸ ಬಿಟ್ಟು ಕುಂತೀಯಲ್ಲ, ಸಸ್ಪೆಂಡ್ ಮಾಡ್ಲೇನು?"

ದ್ಯಾಮಣ್ಣ ಎದ್ದು ಕೈಮುಗಿದ. "ತಪ್ಪಾತ್ರೀ. ನೀವು ಬ್ಯಾಗ್ ಹಿಡದು ಓಡಿದ್ದು ನೋಡಿ, ನನ್ನ ಚಾರ್ಜ್ ನೀವು ತಗೊಂಡ್ರಿ ಅಂತ ತಿಳದೆ."

ಸಾಹೇಬರು ಒಳಗೆ ಹೋದರು. ತುಸು ಹೊತ್ತಿಗೆ ಕರೆಗಂಟೆ ಬಾರಿಸಿದರು.

"ದ್ಯಾಮಣ್ಣ, ಒಂದ್ ಚಹಾ ತರ್ತೀಯೇನಪಾ?"