ನಡುಗುವ ಸಾಲಪತ್ರವೂ ಕಲ್ಲವ್ವನ ಲೋಲಾಕೂ

ಒಂದಾನೊಂದು ಊರಿನಲ್ಲಿ ಪರ್ವತನಾಯಕ ಅಂತ ಒಬ್ಬ ದೊರೆ ಇದ್ದ. ಊರು ಯಾವುದು ಅಂತ ಕೇಳಬೇಡಿ. ಹೇಳಿದರೆ ಅಲ್ಲಿಗೂ ಹೋಗಿ ದುಡ್ಡು ಹಾಕಿ ಬರುವ ಜನ ನೀವು. ಈ ದೊರೆಗೆ ಕೋಟೆ ಮಳೆಗೆ ನೆನೆಯುತ್ತದೆ ಅಂತ ಚಿಂತೆ. ಇಡೀ ಕೋಟೆಗೆ ಒಂದು ಕೊಡೆ ಹೊಲಿಸಲು ಹೊರಟ. ಬೊಕ್ಕಸ ತೆಗೆದರೆ ಒಳಗೆ ಬರೀ ಜಿರಲೆ. ಸರಿ, ಜನರ ಹತ್ತಿರ ಬಂಗಾರ ಇಸಿದುಕೊಂಡು ಸಾಲಪತ್ರ ಬರೆದುಕೊಟ್ಟ. ಕೊಡೆ ಬಿಚ್ಚಿದ ದಿನ ಬಂಗಾರ ವಾಪಸ್ಸು, ಅಲ್ಲಿಯವರೆಗೆ ಯುಗಾದಿಗೊಮ್ಮೆ ಬಡ್ಡಿ ಅಂತ ಒಂದು ಬುಟ್ಟಿ ಕರದಂಟು.

ಕೋಟೆ ಬಾಗಿಲಲ್ಲಿ ಮಿರ್ಚಿ ಕರಿಯುವ ಕಲ್ಲವ್ವ ತನ್ನ ಜೋಡಿ ಲೋಲಾಕಿನಲ್ಲಿ ಒಂದನ್ನು ಬಿಚ್ಚಿ ಕೊಟ್ಟಿದ್ದಳು. ಈಗ ಮಗಳ ಮದುವೆ ಗೊತ್ತಾಗಿದೆ. ಒಂದೇ ಕಿವಿಗೆ ಲೋಲಾಕು ಇಟ್ಟು ಮಗಳನ್ನು ಹಸೆಮಣೆಗೆ ಕೂರಿಸುವುದು ಹೇಗೆ? ಅವಳಿಗೆ ತನ್ನ ಲೋಲಾಕು ಬೇಕು. ಉಳಿದದ್ದೆಲ್ಲ ಊರಿನವರ ತಲೆಹರಟೆ.

ಆ ಸೀಮೆಯಲ್ಲಿ ಒಂದು ಪದ್ಧತಿ. ಏಳು ರಾಜ್ಯದ ದೊರೆಗಳೂ ತಂತಮ್ಮ ಸಾಲಪತ್ರವನ್ನು ಒಂದೇ ದಾರಕ್ಕೆ ನೇತುಹಾಕಬೇಕು. ಪತ್ರ ಸುಮ್ಮನಿದ್ದರೆ ಲೋಕ ಕ್ಷೇಮ. ನಡುಗಿದರೆ ಲೋಕಕ್ಕೆ ಕೇಡು, ದೊರೆ ಬಡ್ಡಿ ಏರಿಸಬೇಕು. ಬೆಳಗಾದರೆ ಸಾಕು, ಜನ ಒಲೆ ಹೊತ್ತಿಸದೆ ಬಂದು ದಾರದ ಕೆಳಗೆ ಬಾಯಿ ತೆರೆದು ನಿಲ್ಲುತ್ತಿದ್ದರು.

ಒಂದು ದಿನ ಪರ್ವತನಾಯಕನ ಪತ್ರ ನಡುಗಿತು. ಯಾಕೆ ನಡುಗುತ್ತೀ ಅಂತ ದೊರೆ ಕೇಳಿದ. ಜನ ಹೆದರಿದ್ದಾರೆ, ಅದಕ್ಕೇ ಅಂದಿತು ಪತ್ರ. ನೀವು ಯಾಕೆ ಹೆದರಿದಿರಿ ಅಂತ ಜನರನ್ನು ಕೇಳಿದ. ಪತ್ರ ನಡುಗುತ್ತಿದೆ, ಅದಕ್ಕೇ ಅಂದರು ಜನ. ಏನು ಹೇಳೋಣ ಇವರಿಗೆ, ಹಣೆ ಹಣೆ ಚಚ್ಚಿಕೊಳ್ಳಬೇಕು. ದಾರ ಒಂದೇ ನೋಡಿ, ಉಳಿದ ಆರು ಪತ್ರಗಳೂ ನಡುಗಿದವು. ಒಬ್ಬ ಪಂಡಿತ ಬರಗಾಲ ಅಂದ. ಇನ್ನೊಬ್ಬ ಯುದ್ಧ ಅಂದ. ಮತ್ತೊಬ್ಬ ಬಹಳ ಯೋಚಿಸಿ, ಎರಡೂ ಆಗಬಹುದು, ಆಗದೆಯೂ ಇರಬಹುದು ಅಂದು ಶಾಲು ಹೊದಿಸಿಕೊಂಡು ಹೋದ. ಬೊಕ್ಕಸದಲ್ಲಿ ನನ್ನ ಲೋಲಾಕು ಇದೆಯಾ, ಮೊದಲು ಅದನ್ನು ನೋಡಿ ಅಂದವಳು ಕಲ್ಲವ್ವ ಒಬ್ಬಳೇ. ಅವಳ ಮಾತು ಯಾರಿಗೆ ಬೇಕು?

ದೊರೆ ಬೀಸಣಿಗೆ ನಿಷೇಧಿಸಿದ. ಸೀನು ನಿಷೇಧಿಸಿದ. ಕಲ್ಲವ್ವ ಒಲೆ ಊದುವ ಕೊಳವೆಯನ್ನೂ ಕಸಿದುಕೊಂಡ. ಪತ್ರ ನಡುಗುತ್ತಲೇ ಇತ್ತು. ಕೊನೆಗೆ ಧೋತರಕ್ಕೆ ಹಾಕುವ ಹಾಗೆ ಪತ್ರಕ್ಕೆ ಗಂಜಿ ಹಾಕಿಸಿದ. ಪತ್ರ ಹಪ್ಪಳದ ಹಾಗೆ ಸೆಟೆದು ನಿಂತಿತು. ಸಮಾಧಾನ ಆಯಿತೇ? ಎಲ್ಲಿ ಬಂತು! ನಡುಗುವ ಪತ್ರ ನಡುಗದೆ ನಿಂತಿದೆ ಅಂದರೆ ಏನೋ ಮುಚ್ಚಿಟ್ಟಿದ್ದಾರೆ ಅಂತ ಜನ ಇನ್ನಷ್ಟು ಹೆದರಿದರು. ಅಷ್ಟರಲ್ಲಿ ಗಂಜಿಯ ವಾಸನೆ ಹಿಡಿದು ಒಂದು ಆಡು ಬಂತು, ಪತ್ರವನ್ನು ಕುರುಕುರು ತಿಂದು ಮುಗಿಸಿತು.

ದೊರೆಗೆ ಖುಷಿಯೋ ಖುಷಿ. ಪತ್ರವೇ ಇಲ್ಲ, ಇನ್ನು ನಡುಕ ಎಲ್ಲಿಯದು? ಆದರೆ ಈಗ ಆಡು ನಡುಗತೊಡಗಿತು. ಪತ್ರಕ್ಕೆ ಗೊತ್ತಿದ್ದದ್ದೆಲ್ಲ ಅದರ ಹೊಟ್ಟೆಗೆ ಇಳಿದಿತ್ತು. ಕಲ್ಲವ್ವ ಅದರ ಕಿವಿ ಹಿಡಿದು, ನನ್ನ ಲೋಲಾಕು ಎಲ್ಲಿ ಅಂತ ಕೇಳಿದಳು.

“ಅದನ್ನ ಮಾರೇ ನಿನಗ ಕರದಂಟು ತಂದುಕೊಟ್ಟಾರಬೇ,” ಅಂದಿತು ಆಡು.

ಕಲ್ಲವ್ವ ಅಲ್ಲೇ ಕುಕ್ಕರಿಸಿದಳು. “ನೀ ಕಾಗದ ತಿಂದಿ. ನಾ ನನ್ನ ಲೋಲಾಕ ತಿಂದೆ. ಅದೂ ಬಾಯಿ ಚಪ್ಪರಿಸಿಕೋತ,” ಅಂದಳು. ಅವಳಿಗೆ ಅಳು ಬಂತು, ಅತ್ತಳು.

ದೊರೆ ಓಡಿ ಬಂದ. “ಅವ್ವಾ, ಇನ್ನೊಂದು ಲೋಲಾಕ ಕೊಡು. ಅದನ್ನ ಮಾರಿ ಮೊದಲಿನದು ತಂದು ಕೊಡತೀನಿ,” ಅಂದ. ಏಳು ರಾಜ್ಯವೂ ಉಸಿರು ಬಿಗಿಹಿಡಿದು ನೋಡಿತು. ಕಲ್ಲವ್ವ ಒಲ್ಲೆ ಅಂತ ತಲೆ ಅಲ್ಲಾಡಿಸಿದಳು. ಕಿವಿಯಲ್ಲಿದ್ದ ಲೋಲಾಕು ಅಲ್ಲಾಡಿತು. ಲೋಲಾಕು ನಡುಗಿತು ಅಂತ ಏಳು ರಾಜ್ಯದ ಪೇಟೆಗಳೂ ಬಾಗಿಲು ಹಾಕಿದವು.

ಮಗಳು ಅದೊಂದೇ ಲೋಲಾಕು ಇಟ್ಟುಕೊಂಡು ಹಸೆಮಣೆ ಏರಿದಳು. ಮದುವೆಗೆ ಏಳೂ ರಾಜ್ಯದ ಜನ ಬಂದಿದ್ದರು. ಬಂದವರೆಲ್ಲ ಅವಳ ಕಿವಿಯನ್ನೇ ನೋಡುತ್ತಾ ಕೂತರು. ತಾಳಿ ಕಟ್ಟಿದ್ದನ್ನು ಕಲ್ಲವ್ವನ ಹೊರತು ಒಬ್ಬರೂ ನೋಡಲಿಲ್ಲ.

ನೀತಿ ಬೇಕಾದವರು ಆಡನ್ನು ಕೇಳಿಕೊಳ್ಳಿ, ನನಗೆ ಸಾಕಾಗಿದೆ. ಈ ವರ್ಷ ಯಾರ್ಯಾರು ಕರದಂಟು ತಿಂದಿದ್ದೀರೋ, ಏಳುವ ಮೊದಲು ಒಮ್ಮೆ ಕಿವಿ ಮುಟ್ಟಿ ನೋಡಿಕೊಳ್ಳಿ.